ಸಂಧಿವಾತ ಇರುವವರಿಗೆ ಉಸಿರು ದಿಢೀರನೆ ಕೆಟ್ಟರೆ: ಯಾಕೆ ಹೀಗಾಗುತ್ತದೆ, ಡಾಕ್ಟರ ಹತ್ತಿರ ಏನು ಕೇಳಬೇಕು?

ಹೊಂಗೆ ನೆರಳು:
ಅಮ್ಮನಿಗೆ ರುಮಟಾಯ್ಡ್ ಸಂಧಿವಾತ ಶುರುವಾಗಿ ಬಹಳ ವರ್ಷಗಳಾದವು. ಶ್ವಾಸಕೋಶದಲ್ಲಿ ಫೈಬ್ರೋಸಿಸ್, ಅಂದರೆ ಗಾಯದ ಕಲೆಯಂತೆ ಗಟ್ಟಿಯಾಗುವುದು, ಕೂಡ ಇದೆ ಎಂದು ಆಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು. ಫೈಲಿನಲ್ಲಿ ಐಎಲ್‌ಡಿ (ಶ್ವಾಸಕೋಶದ ಅಂಗಾಂಶದ ಕಾಯಿಲೆ) ಎಂದು ಬರೆದಿದ್ದಾರೆ. ಇಲ್ಲಿಯವರೆಗೆ ಅದು ಒಂದೇ ಮಟ್ಟದಲ್ಲಿತ್ತು. ಮೆಟ್ಟಿಲು ಹತ್ತಿದರೆ ಸ್ವಲ್ಪ ಏದುಸಿರು, ಆಗಾಗ ಒಣ ಕೆಮ್ಮು, ಅಷ್ಟೇ.

ಹೋದ ವಾರ ಕೆಮ್ಮು ಜಾಸ್ತಿಯಾಯಿತು. ನೆಗಡಿ ಇರಬೇಕು ಅಂದುಕೊಂಡೆವು. ನೋಡನೋಡುತ್ತಲೇ ಮಂಚದಿಂದ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಸುಸ್ತಾಗಿ ಕೂತುಬಿಡುವ ಹಾಗಾದರು. ತಲೆ ಬಾಚಲು ಕೈ ಎತ್ತಿದರೆ ಬಾಚಣಿಗೆ ತೊಡೆಯ ಮೇಲಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದರು. ಮಾತಿನ ನಡುವೆ ನಿಲ್ಲಿಸುತ್ತಿದ್ದರು. ಜ್ವರ ಇರಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾರೆ. ಮೂಗಿಗೆ ಹೈ ಫ್ಲೋ ಆಕ್ಸಿಜನ್ ಹಾಕಿದ್ದಾರೆ, ಸ್ಟೀರಾಯ್ಡ್ ಡ್ರಿಪ್ ಶುರುವಾಗಿದೆ. ‘ಆಕ್ಯೂಟ್ ಎಕ್ಸಾಸರ್ಬೇಶನ್’, ಅಂದರೆ ಕಾಯಿಲೆ ದಿಢೀರನೆ ಕೆರಳುವುದು, ಅಂದರು. ಒಬ್ಬ ಡಾಕ್ಟರ್ ನ್ಯುಮೋನಿಯಾ ಇರಬಹುದು ಅನ್ನುತ್ತಾರೆ, ಇನ್ನೊಬ್ಬರು ಹಳೇ ಕಾಯಿಲೆಯೇ ಕೆರಳಿದೆ ಅನ್ನುತ್ತಾರೆ.

ನನಗೆ ಅರ್ಥವಾಗದಿರುವುದು ಇದು. ಕೀಲುಗಳು ಚೆನ್ನಾಗಿದ್ದವು. ಹೊಸ ಊತ ಇಲ್ಲ, ಹೊಸ ನೋವಿಲ್ಲ. ಹಾಗಿದ್ದಾಗ ಶ್ವಾಸಕೋಶ ಯಾಕೆ ಹೀಗೆ ಕೆಟ್ಟಿತು? ಡಾಕ್ಟರ ಹತ್ತಿರ ನಾನು ಏನು ಕೇಳಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ವಾರ್ಡ್ ಬೆಳಕು:
ನಾನು ಶ್ವಾಸಕೋಶ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ನಿಮ್ಮ ಅಮ್ಮನನ್ನು ನೋಡದೆ ಚಿಕಿತ್ಸೆ ಹೇಳುವುದು ತಪ್ಪು. ಆದರೆ ಅಲ್ಲಿ ಏನು ನಡೆಯುತ್ತಿದೆ ಎಂದು ಬಿಡಿಸಿ ಹೇಳಬಲ್ಲೆ.

ಮೊದಲು ನಿಮ್ಮ ಮುಖ್ಯ ಪ್ರಶ್ನೆ. ಕೀಲು ಮತ್ತು ಶ್ವಾಸಕೋಶ ಒಟ್ಟಿಗೆ ಏರಿಳಿಯಲೇಬೇಕು ಅಂತೇನಿಲ್ಲ. ಕೀಲು ಪೂರ್ತಿ ತಣ್ಣಗಿರುವಾಗಲೂ ಶ್ವಾಸಕೋಶ ಕೆರಳಬಹುದು. ಇದನ್ನು ರೋಗಿಗಳಿಗೆ ಮೊದಲೇ ಹೇಳಿರುವುದಿಲ್ಲ. ಹಾಗಾಗಿ ‘ಮಂಡಿ ಚೆನ್ನಾಗಿದೆ, ಅಂದಮೇಲೆ ಕಾಯಿಲೆ ಹತೋಟಿಯಲ್ಲಿದೆ’ ಎಂದು ಮನೆಯವರು ನಂಬಿರುತ್ತಾರೆ.

ಆಕ್ಯೂಟ್ ಎಕ್ಸಾಸರ್ಬೇಶನ್ ಅನ್ನಲು ಮೂರು ಸಂಗತಿ ನೋಡುತ್ತೇವೆ. ಒಂದು, ಉಸಿರಾಟದ ತೊಂದರೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಜೋರಾಗಿರಬೇಕು. ಎಷ್ಟೋ ಸಲ ಅದು ಕೆಲವೇ ದಿನಗಳ ಕಥೆ. ಎರಡು, ಸಿಟಿಯಲ್ಲಿ ಹಳೆಯ ಫೈಬ್ರೋಸಿಸ್ ಮೇಲೆ ಹೊಸ ಮಬ್ಬು ಎರಡೂ ಕಡೆ ಕಾಣಬೇಕು. ಗ್ರೌಂಡ್ ಗ್ಲಾಸ್ ಅನ್ನುವುದು ಇದನ್ನೇ. ಗಾಜಿನ ಮೇಲೆ ಹಬೆ ಹಿಡಿದ ಹಾಗೆ ಕಾಣುತ್ತದೆ, ಹಿಂದಿನ ರಕ್ತನಾಳಗಳ ಗೆರೆ ಮಸುಕಾಗಿ ತೋರುತ್ತಿರುತ್ತದೆ. ಮೂರು, ಇದೆಲ್ಲ ಹೃದಯ ಸೋತು ನೀರು ತುಂಬಿದ್ದರಿಂದ ಆಗಿರಬಾರದು.

ಈ ವ್ಯಾಖ್ಯೆ ಮಾಡಿದ್ದು ಐಪಿಎಫ್ ಎಂಬ, ಕಾರಣ ಗೊತ್ತಿಲ್ಲದೆ ಬರುವ ಇನ್ನೊಂದು ಫೈಬ್ರೋಸಿಸ್ ಕಾಯಿಲೆಗೆ. ಸಂಧಿವಾತದವರಿಗೂ ಅದನ್ನೇ ಎರವಲು ತಂದು ಬಳಸುತ್ತೇವೆ. 2007ರ ವ್ಯಾಖ್ಯೆಯಲ್ಲಿ ಸೋಂಕು ಇದ್ದರೆ ಅದನ್ನು ಎಕ್ಸಾಸರ್ಬೇಶನ್ ಅನ್ನುತ್ತಿರಲಿಲ್ಲ. 2016ರಲ್ಲಿ ಅದು ಬದಲಾಯಿತು. ಸೋಂಕು, ಔಷಧ, ಆಪರೇಶನ್, ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಜಾರುವುದು, ಇವು ಕಿಡಿ ಹಚ್ಚಿರಬಹುದು ಎಂದು ಒಪ್ಪಿಕೊಂಡರು. ಕಾರಣವೇ ಸಿಗದ ಕೇಸುಗಳೂ ಇವೆ. ಹಾಗಾಗಿ ನಿಮ್ಮ ಇಬ್ಬರು ಡಾಕ್ಟರುಗಳೂ ಸರಿಯಿರಬಹುದು. ಒಂದು ವೈರಸ್ ಬಂದು ಹೋಗಿ, ಅದರ ಹಿಂದೆಯೇ ಶ್ವಾಸಕೋಶ ಕೆರಳಿರಬಹುದು.

ನೀವು ಇವತ್ತೇ ಕೇಳಬೇಕಾದದ್ದು: ‘ಹಳೆಯ ಸಿಟಿಯ ಜೊತೆ ಹೊಸದನ್ನು ಇಟ್ಟು ನೋಡಿದಿರಾ?’ ಹಳೆಯದು ನಿಮ್ಮ ಹತ್ತಿರ ಇದ್ದರೆ ಈಗಲೇ ತೆಗೆದುಕೊಂಡು ಹೋಗಿ. ರಿಪೋರ್ಟ್ ಕಾಗದ ಸಾಲದು, ಚಿತ್ರಗಳಿರುವ ಸಿಡಿ ಬೇಕು. ಯಾವುದು ಹೊಸ ಮಬ್ಬು, ಯಾವುದು ಹಳೇ ಗಾಯದ ಕಲೆ ಎಂದು ಒಂದೇ ಸಿಟಿ ನೋಡಿ ಹೇಳುವುದು ಕಷ್ಟ.

ಹೊಂಗೆ ನೆರಳು:
ಸಿಡಿ ಮನೆಯಲ್ಲಿದೆ. ತಮ್ಮನಿಗೆ ತರಲು ಹೇಳಿದೆ. ಬಹಳ ಧನ್ಯವಾದ ಡಾಕ್ಟ್ರೇ.

ಉದ್ದ ನಡಿಗೆ:
ನಾನು ಫಿಸಿಯೋಥೆರಪಿಸ್ಟ್. ‘ನೆಗಡಿ ಇರಬೇಕು ಅಂದುಕೊಂಡೆವು’ ಎಂದು ಬರೆದಿದ್ದೀರಲ್ಲ, ಅದರ ಬಗ್ಗೆ ಕೊರಗಬೇಡಿ. ಸಂಧಿವಾತದವರಲ್ಲಿ ಉಸಿರಿನ ತೊಂದರೆ ಬೇಗ ಕಣ್ಣಿಗೆ ಬೀಳುವುದೇ ಇಲ್ಲ. ಕಾರಣ ಸುಲಭ. ಮಂಡಿ, ಪಾದ ನೋಯುವವರು ಮೊದಲೇ ಕಡಿಮೆ ನಡೆಯುತ್ತಾರೆ. ಉಸಿರು ಕಟ್ಟುವಷ್ಟು ದೂರ ಹೋಗುವುದೇ ಇಲ್ಲ. ಮಯೋಸೈಟಿಸ್ (ಸ್ನಾಯುಗಳ ಉರಿಯೂತ) ಇರುವವರು ಸ್ನಾಯು ಸೋತಿದೆ ಅಂದುಕೊಳ್ಳುತ್ತಾರೆ. ವಯಸ್ಸಾದವರು ವಯಸ್ಸಾಯಿತು ಅನ್ನುತ್ತಾರೆ. ಕೊನೆಗೆ ಕೂತಲ್ಲೇ ಏದುಸಿರು ಬಂದಾಗ ಎಲ್ಲರಿಗೂ ಗೊತ್ತಾಗುತ್ತದೆ.

ಅದಕ್ಕೇ ನಾನು ಐಎಲ್‌ಡಿ ಇರುವ ಪ್ರತಿಯೊಬ್ಬರಿಗೂ ಹೇಳುವುದು, ಚೆನ್ನಾಗಿರುವ ದಿನದ ಲೆಕ್ಕ ಬರೆದಿಡಿ ಅಂತ. ಸುಮ್ಮನೆ ಕೂತಾಗ ಆಕ್ಸಿಮೀಟರ್ ಎಷ್ಟು ತೋರಿಸುತ್ತದೆ. ಮನೆಯೊಳಗೆ ನಿಮಗೆ ಆಗುವಷ್ಟು ನಡೆದ ಮೇಲೆ ಎಷ್ಟಕ್ಕೆ ಇಳಿಯುತ್ತದೆ. ನಡೆಯಲು ಆಗದಿದ್ದರೆ ಕುರ್ಚಿಯಿಂದ ಎದ್ದು ಕೂರುವುದನ್ನು ಒಂದು ನಿಮಿಷ ಮಾಡಿ ನೋಡಬಹುದು, ಮೊದಲ ಸಲ ನಿಮ್ಮ ಡಾಕ್ಟರ್ ಅಥವಾ ಫಿಸಿಯೋ ಮುಂದೆ. ಈ ಕಾಯಿಲೆಯಲ್ಲಿ ಆಕ್ಸಿಜನ್ ಮೊದಲು ಇಳಿಯುವುದು ನಡೆಯುವಾಗ. ಕೂತಾಗ 96 ಇದ್ದವರು ಹತ್ತು ಹೆಜ್ಜೆಗೆ 86ಕ್ಕೆ ಇಳಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಕೂತ ಅಂಕಿ ಮಾತ್ರ ನೋಡಿ ಸಮಾಧಾನ ಪಡಬೇಡಿ.

ಇನ್ನೊಂದು, ಬಾಚಣಿಗೆಯ ವಿಷಯ ನೀವೇ ಗಮನಿಸಿದ್ದೀರಿ. ಕೈ ಎತ್ತಿ ಮಾಡುವ ಕೆಲಸ, ಬಗ್ಗಿ ಮಾಡುವ ಕೆಲಸ, ಮಾತಾಡುತ್ತಾ ನಡೆಯುವುದು, ಇವು ಮೊದಲು ಕೈಕೊಡುತ್ತವೆ. ಹೋದ ವಾರ ಸಲೀಸಾಗಿ ಆಗುತ್ತಿದ್ದದ್ದು ಈ ವಾರ ಆಗುತ್ತಿಲ್ಲ ಅಂದರೆ ಅದೇ ಸಾಕು, ಫೋನ್ ಮಾಡಿ.

ತಣ್ಣನೆ ಬೆರಳು:
ಆಕ್ಸಿಮೀಟರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನನಗೆ ಸ್ಕ್ಲೀರೋಡರ್ಮಾ, ಚರ್ಮ ಗಟ್ಟಿಯಾಗುವ ಕಾಯಿಲೆ. ರೇನಾಡ್ಸ್‌ನಿಂದ ಬೆರಳ ತುದಿಗಳು ಬಿಳುಚಿ, ಆಮೇಲೆ ನೀಲಿಯಾಗುತ್ತವೆ. ಬೆರಳಿಗೆ ಕ್ಲಿಪ್ ಹಾಕಿದರೆ ಒಮ್ಮೆ 82, ಒಮ್ಮೆ 95, ಒಮ್ಮೆ ಏನೂ ಇಲ್ಲ. ಎಷ್ಟೋ ಸಲ ಸುಮ್ನೆ ಗಾಬರಿಯಾಗಿದ್ದೇನೆ. ನಮ್ಮಂಥವರಿಗೆ ಕಿವಿಗೆ ಅಥವಾ ಹಣೆಗೆ ಹಾಕುವ ಪ್ರೋಬ್ ಹೆಚ್ಚು ನಂಬಿಕೆಯದು. ಅದಿಲ್ಲದಿದ್ದರೆ ಕೈ ಚೆನ್ನಾಗಿ ಬೆಚ್ಚಗೆ ಮಾಡಿಕೊಂಡು, ನಾಡಿಯ ಅಲೆ ಸಮವಾಗಿ ಬರುವವರೆಗೆ ಕಾಯಬೇಕು. ಆಸ್ಪತ್ರೆಯಲ್ಲಿ ಅನುಮಾನ ಬಂದರೆ ಅಪಧಮನಿಯಿಂದ ರಕ್ತ ತೆಗೆದು ಆಕ್ಸಿಜನ್ ಎಷ್ಟಿದೆ ಎಂದು ನೋಡುತ್ತಾರೆ. ಅದನ್ನು ಮಾಡಿ ಎಂದು ಕೇಳಲು ಹಿಂಜರಿಯಬೇಡಿ.

ವಾರ್ಡ್ ಬೆಳಕು:
ಇದು ಬಹಳ ಮುಖ್ಯ. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಆಕ್ಸಿಮೀಟರ್ ನಿಜಕ್ಕಿಂತ ಜಾಸ್ತಿ ತೋರಿಸಬಹುದು ಎಂಬುದೂ ಸಾಬೀತಾಗಿದೆ. ಅಂಕಿ ಚೆನ್ನಾಗಿದ್ದು ಮನುಷ್ಯರು ಒದ್ದಾಡುತ್ತಿದ್ದರೆ, ಮನುಷ್ಯರನ್ನೇ ನಂಬಿ.

ಮೂರನೇ ಸಾಲು:
ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ. ಇದೆಲ್ಲ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾಡುವ ಕೆಲಸ. ನಮ್ಮ ಅಪ್ಪನಿಗೆ ಆ ಮಾತ್ರೆ ಶುರು ಮಾಡಿ ಕೆಲವೇ ತಿಂಗಳಲ್ಲಿ ಜ್ವರ, ಒಣ ಕೆಮ್ಮು, ಉಸಿರು ಕಟ್ಟುವುದು ಬಂತು. ಮಾತ್ರೆ ನಿಲ್ಲಿಸಿದ ಮೇಲೆ ಸುಧಾರಿಸಿದರು. ಶ್ವಾಸಕೋಶದಲ್ಲಿ ಸ್ವಲ್ಪ ತೊಂದರೆ ಇದ್ದರೂ ಅದನ್ನು ಇವತ್ತೇ ನಿಲ್ಲಿಸಿಬಿಡಿ.

ವಾರ್ಡ್ ಬೆಳಕು:
ಸರ್, ನಿಮ್ಮ ಅಪ್ಪನಿಗೆ ಆದದ್ದು ನಿಜವಾದ ಅಪಾಯ. ಮೆಥೊಟ್ರೆಕ್ಸೇಟ್ ನ್ಯುಮೊನೈಟಿಸ್, ಅಂದರೆ ಆ ಔಷಧದಿಂದ ಶ್ವಾಸಕೋಶದಲ್ಲಿ ಉರಿಯೂತ, ಅನ್ನುತ್ತೇವೆ. ಸಾಮಾನ್ಯವಾಗಿ ಮಾತ್ರೆ ಶುರು ಮಾಡಿದ ಮೊದಲ ವರ್ಷದೊಳಗೆ ಬರುತ್ತದೆ, ನೀವು ಹೇಳಿದ ಲಕ್ಷಣಗಳೇ ಇರುತ್ತವೆ. ಅಪರೂಪ, ಆದರೆ ಪ್ರಾಣಕ್ಕೇ ಬರಬಹುದು. ಮಾತ್ರೆ ನಿಲ್ಲಿಸಿದ್ದು ಸರಿ.

ಆದರೆ ‘ಎಲ್ಲರೂ ನಿಲ್ಲಿಸಿ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ಬರುವ ಫೈಬ್ರೋಸಿಸ್‌ಗೂ ಮೆಥೊಟ್ರೆಕ್ಸೇಟೇ ಕಾರಣ ಎಂದು ಹಿಂದೆ ಎಲ್ಲರೂ ನಂಬಿದ್ದರು. ಈಚಿನ ದೊಡ್ಡ ಅಧ್ಯಯನಗಳಲ್ಲಿ ಆ ನಂಟು ಕಾಣಲಿಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಂಡವರಲ್ಲಿ ಐಎಲ್‌ಡಿ ತಡವಾಗಿ ಕಂಡಿತು ಎಂದು ಹೇಳುವ ಅಧ್ಯಯನಗಳೂ ಇವೆ. ಸಂಧಿವಾತವನ್ನು ಹತೋಟಿಯಲ್ಲಿಡದೆ ಬಿಟ್ಟರೆ ಅದು ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಸಂಧಿವಾತದ ಇನ್ನೊಂದು ಮಾತ್ರೆ ಲೆಫ್ಲುನಮೈಡ್ ವಿಷಯ ಬೇರೆ. ಮೊದಲೇ ಐಎಲ್‌ಡಿ ಇದ್ದವರಿಗೆ ಅದರಿಂದ ತೊಂದರೆ ಹೆಚ್ಚು ಎಂದು ಜಪಾನಿನಲ್ಲಿ ಅದು ಬಳಕೆಗೆ ಬಂದ ಮೇಲೆ ಗೊತ್ತಾಯಿತು. ಅಂಥವರಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

ಮನೆಯಲ್ಲಿರುವವರು ಇಷ್ಟು ಮಾಡಿ. ಹೊಸದಾಗಿ ಏದುಸಿರು, ಒಣ ಕೆಮ್ಮು, ಜ್ವರ ಬಂದರೆ ಆ ವಾರದ ಮೆಥೊಟ್ರೆಕ್ಸೇಟ್ ನುಂಗುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಸ್ಟೀರಾಯ್ಡ್ ಮಾತ್ರ ಎಂದಿಗೂ ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ಬಹಳ ದಿನ ತೆಗೆದುಕೊಂಡವರ ದೇಹ ತನ್ನ ಸ್ಟೀರಾಯ್ಡ್ ತಾನು ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಬಿಪಿ ಬಿದ್ದುಹೋಗುತ್ತದೆ.

ಮೂರನೇ ಸಾಲು:
ಎಲ್ಲರಿಗೂ ಹೊಂದುವುದಿಲ್ಲ ಅನ್ನುವುದು ಅರ್ಥವಾಯಿತು. ಆದರೆ ಅಪ್ಪನಿಗೆ ಮಾತ್ರೆ ಕೊಡುವಾಗ ಹೀಗಾಗಬಹುದು ಎಂದು ಯಾರೂ ಹೇಳಲಿಲ್ಲ. ಆ ನೋವಿನಿಂದ ಬರೆದೆ.

ಉದ್ದ ನಡಿಗೆ:
ಅದು ನ್ಯಾಯವಾದ ಸಿಟ್ಟು. ಆ ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕು, ಹೇಳಲೇಬೇಕು.

ಹೊಂಗೆ ನೆರಳು:
ಎರಡೂ ಸಿಟಿ ಇಟ್ಟು ನೋಡಿದರು. ಕೆಳಭಾಗದಲ್ಲಿ ಹಳೆಯ ಜೇನುಗೂಡಿನಂಥ ಫೈಬ್ರೋಸಿಸ್ ಇದೆ, ಈ ಬಗೆಗೆ ಯುಐಪಿ ಮಾದರಿ ಎಂದು ಹೆಸರು ಅಂದರು. ಅದರ ಸುತ್ತ, ಮೇಲೆ, ಎಲ್ಲೆಡೆ ಹೊಸ ಮಬ್ಬು. ಎಕೋ ಮಾಡಿದರು, ಹೃದಯ ಚೆನ್ನಾಗಿದೆ. ಬ್ರಾಂಕೋಸ್ಕೋಪಿ ಮಾಡಿ ಶ್ವಾಸಕೋಶ ತೊಳೆದ ನೀರು ಪರೀಕ್ಷಿಸುವ ಯೋಚನೆ ಇತ್ತು. ಆದರೆ ಈಗ ಆಕ್ಸಿಜನ್ ಇಷ್ಟೊಂದು ಬೇಕಾಗಿರುವಾಗ ಅದು ಅಪಾಯ ಎಂದು ಕೈಬಿಟ್ಟರು.

ಈಗ ಸ್ಟೀರಾಯ್ಡ್, ಎರಡು ಆಂಟಿಬಯೋಟಿಕ್, ಜೊತೆಗೆ ಕೋಟ್ರೈಮಾಕ್ಸಜೋಲ್ ಎಲ್ಲವನ್ನೂ ಒಟ್ಟಿಗೆ ಕೊಡುತ್ತಿದ್ದಾರೆ. ಕಾಯಿಲೆ ಏನೆಂದು ಗೊತ್ತಿಲ್ಲದೆ ಕೊಡುತ್ತಿದ್ದಾರಾ ಎಂದು ಭಯವಾಗುತ್ತಿದೆ. ಉರಿಯೂತ ತೋರಿಸುವ ರಕ್ತಪರೀಕ್ಷೆ ಸಿಆರ್‌ಪಿ ಕೂಡ ಬಹಳ ಕಡಿಮೆ ಬಂದಿದೆ. ಸೋಂಕಿದ್ದರೆ ಅದು ಜಾಸ್ತಿ ಇರಬೇಕಲ್ವಾ?

ವಾರ್ಡ್ ಬೆಳಕು:
ಒಟ್ಟಿಗೆ ಕೊಡುವುದೇ ವಾಡಿಕೆ. ಯಾಕೆಂದು ಹೇಳುತ್ತೇನೆ.

ಇಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಸೋಂಕು ಮತ್ತು ಎಕ್ಸಾಸರ್ಬೇಶನ್ ಎರಡೂ ಸಿಟಿಯಲ್ಲಿ ಒಂದೇ ಥರ ಕಾಣುವುದು. ಅದರಲ್ಲೂ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರಿಗೆ ಅದು ಬರುತ್ತದೆ. ಒಣ ಕೆಮ್ಮು, ಏದುಸಿರು, ಎರಡೂ ಕಡೆ ಗ್ರೌಂಡ್ ಗ್ಲಾಸ್ ಮಬ್ಬು, ಎಲ್ಲವೂ ಹಾಗೇ. ಅದಕ್ಕೆ ಮದ್ದು ಕೋಟ್ರೈಮಾಕ್ಸಜೋಲ್. ತೊಳೆದ ನೀರಿನ ಪರೀಕ್ಷೆ ಆಗದಿದ್ದಾಗ ಕಫದ ಪಿಸಿಆರ್, ರಕ್ತದಲ್ಲಿ ಬೀಟಾ ಡಿ ಗ್ಲೂಕನ್ ಎಂಬ ಶಿಲೀಂಧ್ರದ ಅಂಶ ನೋಡುತ್ತಾರೆ. ಗ್ಲೂಕನ್ ಬಹಳ ಕಡಿಮೆ ಬಂದರೆ ನ್ಯುಮೋಸಿಸ್ಟಿಸ್ ಇರುವ ಸಾಧ್ಯತೆ ಕಡಿಮೆ. ಆ ರಿಪೋರ್ಟ್ ಬರುವವರೆಗೆ ಚಿಕಿತ್ಸೆ ನಿಲ್ಲಿಸಿ ಕೂರುವ ಹಾಗಿಲ್ಲ. ಬಂದ ಮೇಲೆ ಒಂದೊಂದಾಗಿ ಕಡಿಮೆ ಮಾಡುತ್ತಾರೆ. ‘ಯಾವ ರಿಪೋರ್ಟ್ ಬಂದರೆ ಯಾವುದನ್ನು ನಿಲ್ಲಿಸುತ್ತೀರಿ’ ಎಂದು ಕೇಳಿ. ಒಳ್ಳೆಯ ತಂಡಕ್ಕೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಸಿಆರ್‌ಪಿ ಬಗ್ಗೆ: ಅಮ್ಮ ಸಂಧಿವಾತಕ್ಕೆ ಟೋಸಿಲಿಜುಮಾಬ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರಾ? ಆ ಔಷಧ ಯಕೃತ್ತಿನಲ್ಲಿ ಸಿಆರ್‌ಪಿ ತಯಾರಾಗುವುದನ್ನೇ ತಡೆಯುತ್ತದೆ. ಜ್ವರವನ್ನೂ ಮುಚ್ಚಿಹಾಕಬಹುದು. ಅಂಥವರಲ್ಲಿ ಕಡಿಮೆ ಸಿಆರ್‌ಪಿ ನೋಡಿ ಸೋಂಕಿಲ್ಲ ಎಂದು ಹೇಳುವಂತಿಲ್ಲ.

ಹೊಂಗೆ ನೆರಳು:
ಹೌದು! ಟೋಸಿಲಿಜುಮಾಬ್ ತೆಗೆದುಕೊಳ್ಳುತ್ತಿದ್ದರು. ಈ ಆಸ್ಪತ್ರೆಯ ಐಸಿಯು ಡಾಕ್ಟರಿಗೆ ಅದು ಗೊತ್ತಿದೆಯೋ ಇಲ್ಲವೋ. ಇಂಜೆಕ್ಷನ್ ತಿಂಗಳಿಗೊಮ್ಮೆ ಆದ್ದರಿಂದ ದಿನದ ಮಾತ್ರೆಗಳ ಚೀಟಿಯಲ್ಲಿ ಅದು ಇಲ್ಲ. ಈಗಲೇ ಹೋಗಿ ಹೇಳುತ್ತೇನೆ.

ಉದ್ದ ನಡಿಗೆ:
ಇದನ್ನು ಓದುತ್ತಿರುವ ಎಲ್ಲರೂ ಗಮನಿಸಿ. ವಾರಕ್ಕೊಮ್ಮೆ, ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಮಾತ್ರೆ ಚೀಟಿಯಲ್ಲಿ ಇರುವುದೇ ಇಲ್ಲ. ಬೇರೆ ಕಾಗದದಲ್ಲಿ ಕೊನೆಯ ಇಂಜೆಕ್ಷನ್ ತಾರೀಖಿನ ಜೊತೆ ಬರೆದು ಫೈಲಿನ ಮೊದಲ ಪುಟಕ್ಕೆ ಅಂಟಿಸಿ. ಉದಾಹರಣೆಗೆ, ರಿಟುಕ್ಸಿಮಾಬ್ ಇಂಜೆಕ್ಷನ್ ಹಾಕಿಸಿಕೊಂಡು ತಿಂಗಳುಗಳು ಕಳೆದರೂ ಅದರ ಪರಿಣಾಮ ಇರುತ್ತದೆ.

ನೀಲಿ ಕೊಡೆ:
ನನ್ನ ಹೆಂಡತಿಯ ಕಥೆ ಸ್ವಲ್ಪ ಬೇರೆ. ಇದೇ ಗುಂಪಿನ ಕಾಯಿಲೆಯಾದ್ದರಿಂದ ಬರೆಯುತ್ತೇನೆ. ಅವಳಿಗೆ ಹಳೆಯ ಫೈಬ್ರೋಸಿಸ್ ಇರಲೇ ಇಲ್ಲ. ಕಣ್ಣ ರೆಪ್ಪೆ ಕೆಂಪಾಯಿತು, ಬೆರಳ ಗೆಣ್ಣುಗಳ ಮೇಲೆ ದದ್ದು ಬಂತು, ಅಂಗೈಯಲ್ಲಿ ನೋಯುವ ಸಣ್ಣ ಗಂಟುಗಳು. ಬೆರಳ ತುದಿಯಲ್ಲಿ ಮಾಯದ ಹುಣ್ಣು. ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ಹಾಗಾಗಿ ಚರ್ಮದ ಅಲರ್ಜಿ ಎಂದು ಮುಲಾಮು ಹಚ್ಚುತ್ತಿದ್ದೆವು. ಆಮೇಲೆ ಕೆಮ್ಮು ಶುರುವಾಗಿ ಕೆಲವೇ ವಾರಗಳಲ್ಲಿ ಐಸಿಯು. ರಕ್ತದಲ್ಲಿ ಎಂಡಿಎ5 ಆಂಟಿಬಾಡಿ ಸಿಕ್ಕಿತು. ಉರಿಯೂತ ಜೋರಾದಾಗ ಏರುವ ಫೆರಿಟಿನ್ ಆಕಾಶಕ್ಕೆ ಹೋಗಿತ್ತು. ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್, ಟ್ಯಾಕ್ರೊಲಿಮಸ್, ಸೈಕ್ಲೋಫಾಸ್ಫಮೈಡ್ ಮೂರನ್ನೂ ಒಟ್ಟಿಗೇ ಶುರು ಮಾಡಿದರು. ಅವಳು ಉಳಿದಳು. ಈಗಲೂ ನಿಧಾನವಾಗಿ ನಡೆಯುತ್ತಾಳೆ, ಆದರೆ ಆಕ್ಸಿಜನ್ ಇಲ್ಲದೆ ನಡೆಯುತ್ತಾಳೆ.

ಚರ್ಮದ ದದ್ದಿನ ಜೊತೆ ಕೆಮ್ಮು ಬಂದರೆ ದಯವಿಟ್ಟು ಕಾಯಬೇಡಿ.

ವಾರ್ಡ್ ಬೆಳಕು:
ನಿಮ್ಮ ಹೆಂಡತಿ ಸುಧಾರಿಸಿದ್ದು ಕೇಳಿ ಸಂತೋಷವಾಯಿತು. ಎಂಡಿಎ5 ಇರುವ ಡರ್ಮಟೋಮಯೋಸೈಟಿಸ್ (ಚರ್ಮ, ಸ್ನಾಯುಗಳ ಉರಿಯೂತದ ಕಾಯಿಲೆ) ಈ ಗುಂಪಿನಲ್ಲೇ ಅತಿ ವೇಗದ್ದು. ಹಳೇ ಫೈಬ್ರೋಸಿಸ್ ಮೇಲೆ ಬರುವ ಎಕ್ಸಾಸರ್ಬೇಶನ್‌ಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿ ಶ್ವಾಸಕೋಶದ ಕಾಯಿಲೆ ಶುರುವಾಗುವುದೇ ಹೀಗೆ ಭರದಿಂದ. ಇದನ್ನು ರ‍್ಯಾಪಿಡ್ಲಿ ಪ್ರೋಗ್ರೆಸಿವ್ ಐಎಲ್‌ಡಿ ಅನ್ನುತ್ತೇವೆ. ಜಪಾನಿನಲ್ಲಿ 2005ರಲ್ಲಿ ಈ ಆಂಟಿಬಾಡಿಯನ್ನು ಮೊದಲು ಗುರುತಿಸಿದರು. ಅಲ್ಲಿಯದೇ 2020ರ ಅಧ್ಯಯನವೊಂದರಲ್ಲಿ ಮೂರೂ ಔಷಧ ಮೊದಲ ದಿನದಿಂದ ಕೊಟ್ಟವರಲ್ಲಿ ಆರು ತಿಂಗಳ ನಂತರ 89% ಜನ ಬದುಕಿದ್ದರು. ಒಂದೊಂದಾಗಿ ಏರಿಸುತ್ತಾ ಹೋದ ಹಿಂದಿನ ರೋಗಿಗಳಲ್ಲಿ 33% ಮಾತ್ರ. ಸಣ್ಣ ಅಧ್ಯಯನ, ಹೋಲಿಕೆ ಹಳೆಯ ರೋಗಿಗಳ ಜೊತೆ, ಹಾಗಾಗಿ ಅಂಕಿಯನ್ನು ಅಕ್ಷರಶಃ ಹಿಡಿಯಬೇಡಿ. ಆದರೆ ಅದು ಹೇಳುವುದನ್ನು ನಾವೆಲ್ಲ ಒಪ್ಪಿದ್ದೇವೆ. ಇಲ್ಲಿ ಕಾಯ್ದು ನೋಡುವ ಸಮಯ ಇರುವುದಿಲ್ಲ.

ಮೂರನೇ ಸಾಲು:
ಹಾಗಾದರೆ ಇವರ ಅಮ್ಮನಿಗೂ ಸೈಕ್ಲೋಫಾಸ್ಫಮೈಡ್ ಯಾಕೆ ಕೊಡಬಾರದು?

ವಾರ್ಡ್ ಬೆಳಕು:
ಒಳ್ಳೆಯ ಪ್ರಶ್ನೆ. ನಾವು ವೈದ್ಯರೂ ಇದರಲ್ಲಿ ಒಂದೇ ಮಾತಿನಲ್ಲಿಲ್ಲ.

ಐಪಿಎಫ್ ಎಕ್ಸಾಸರ್ಬೇಶನ್‌ಗೆ ಸ್ಟೀರಾಯ್ಡ್ ಜೊತೆ ಸೈಕ್ಲೋಫಾಸ್ಫಮೈಡ್ ಕೊಟ್ಟು ನೋಡಿದ ಪ್ರಯೋಗ ಫ್ರಾನ್ಸಿನಲ್ಲಿ ನಡೆಯಿತು, 119 ರೋಗಿಗಳು. ಮೂರು ತಿಂಗಳಲ್ಲಿ ಆ ಔಷಧ ಪಡೆದವರಲ್ಲಿ 45% ತೀರಿಕೊಂಡರು, ಪಡೆಯದವರಲ್ಲಿ 31%. ಉಪಯೋಗವಂತೂ ಕಾಣಲಿಲ್ಲ. ಆದರೆ ಅದು ಐಪಿಎಫ್. ಸಂಧಿವಾತದ ಶ್ವಾಸಕೋಶದಲ್ಲಿ ರೋಗನಿರೋಧಕ ವ್ಯವಸ್ಥೆಯೇ ದಾಳಿ ಮಾಡುತ್ತಿರುವುದರಿಂದ ಅದನ್ನು ತಗ್ಗಿಸಿದರೆ ಲಾಭವಾಗಬಹುದು ಎಂಬ ತರ್ಕವಿದೆ. ಎನ್‌ಎಸ್‌ಐಪಿ ಅಥವಾ ಆರ್ಗನೈಸಿಂಗ್ ನ್ಯುಮೋನಿಯಾ ಎಂಬ ಬೇರೆ ಮಾದರಿಯವರು ಸ್ಟೀರಾಯ್ಡ್‌ಗೆ ಚೆನ್ನಾಗಿ ಸ್ಪಂದಿಸುವುದನ್ನು ನೋಡುತ್ತೇವೆ. ಯುಐಪಿ ಮಾದರಿಯ ಸಂಧಿವಾತ ಹಲವು ವಿಷಯದಲ್ಲಿ ಐಪಿಎಫ್ ಥರವೇ ನಡೆದುಕೊಳ್ಳುತ್ತದೆ. ಎಕ್ಸಾಸರ್ಬೇಶನ್ ಅಪಾಯ ಜಾಸ್ತಿ, ಔಷಧಕ್ಕೆ ಬಗ್ಗುವುದು ಕಡಿಮೆ.

ಅಮೆರಿಕದ ಸಂಧಿವಾತ ತಜ್ಞರ ಎಸಿಆರ್ ಮತ್ತು ಎದೆರೋಗ ತಜ್ಞರ ಚೆಸ್ಟ್ ಸಂಸ್ಥೆಗಳು ಸೇರಿ 2023ರಲ್ಲಿ ಮಾಡಿದ ಮಾರ್ಗಸೂಚಿಯಲ್ಲಿ, ವೇಗವಾಗಿ ಕೆಡುತ್ತಿರುವ ಐಎಲ್‌ಡಿಗೆ ರಕ್ತನಾಳದ ಮೂಲಕ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೊಟ್ಟು, ಜೊತೆಗೆ ಇನ್ನೊಂದೆರಡು ಔಷಧ ಮೊದಲಿನಿಂದಲೇ ಸೇರಿಸಲು ಹೇಳಿದ್ದಾರೆ. ಅದೂ ಷರತ್ತಿನ ಸಲಹೆ, ಗಟ್ಟಿ ಸಾಕ್ಷ್ಯವಿಲ್ಲ ಎಂದು ಅವರೇ ಬರೆದಿದ್ದಾರೆ. ಸೋಂಕಿನ ಅನುಮಾನ ಎಷ್ಟಿದೆ, ಯಾವ ಮಾದರಿ, ವಯಸ್ಸು, ಕಿಡ್ನಿ, ಎಲ್ಲ ನೋಡಿ ಹಾಸಿಗೆಯ ಪಕ್ಕ ನಿಂತವರು ತೀರ್ಮಾನಿಸಬೇಕು.

ತಣ್ಣನೆ ಬೆರಳು:
ಸ್ಕ್ಲೀರೋಡರ್ಮಾದವರು ಇಲ್ಲಿ ಓದುತ್ತಿದ್ದರೆ: ಸ್ಟೀರಾಯ್ಡ್ ವಿಷಯದಲ್ಲಿ ನಮ್ಮ ಲೆಕ್ಕ ಬೇರೆ. ಜಾಸ್ತಿ ಡೋಸ್ ಕೊಟ್ಟರೆ ಕಿಡ್ನಿ ಏಕಾಏಕಿ ಕೈಕೊಟ್ಟು ಬಿಪಿ ಏರುವ ಅಪಾಯವಿದೆ. ಬೇರೆ ಕಡೆ ಎಮರ್ಜೆನ್ಸಿಗೆ ಹೋದರೆ ನಾನು ಬಾಯಿ ಬಿಟ್ಟು ಹೇಳುವ ಮೊದಲ ಮಾತು, ‘ನನಗೆ ಸ್ಕ್ಲೀರೋಡರ್ಮಾ, ಸ್ಟೀರಾಯ್ಡ್ ಕೊಡುವ ಮುಂಚೆ ನನ್ನ ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಹತ್ತಿರ ಮಾತಾಡಿ’. ಅವರ ನಂಬರ್ ಫೋನಿನ ಹೊರಗಿನ ಕವರ್‌ನಲ್ಲೇ ಇದೆ.

ಇನ್ನೊಂದು, ನಮ್ಮ ಅನ್ನನಾಳ ಸಡಿಲ. ರಾತ್ರಿ ಮಲಗಿದಾಗ ಹುಳಿನೀರು ಗಂಟಲಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಮಂಚದ ತಲೆಯ ಕಡೆ ಎತ್ತರಿಸಿ, ಊಟವಾದ ತಕ್ಷಣ ಮಲಗದೆ ಇರುವುದು ನನಗೆ ಬಹಳ ಸಹಾಯ ಮಾಡಿದೆ.

ವಾರ್ಡ್ ಬೆಳಕು:
ಸರಿಯಾಗಿ ಹೇಳಿದಿರಿ. ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 15 ಮಿಲಿಗ್ರಾಂ ದಾಟಿದರೆ ಆ ಕಿಡ್ನಿ ತೊಂದರೆಯ ಭಯ ಹೆಚ್ಚು. ಕೊಡಲೇಬೇಕಾಗಿ ಬಂದರೆ ಬಿಪಿ ದಿನವೂ ನೋಡಬೇಕು. ಆ ಮಾರ್ಗಸೂಚಿ ಮಾಡಿದವರಿಗೂ ವೇಗವಾಗಿ ಕೆಡುವ ಸ್ಕ್ಲೀರೋಡರ್ಮಾದಲ್ಲಿ ಸ್ಟೀರಾಯ್ಡ್ ಮೊದಲ ಆಯ್ಕೆಯೇ ಎಂಬ ಬಗ್ಗೆ ಒಮ್ಮತ ಬರಲಿಲ್ಲ.

ಒಂದು ಎಚ್ಚರಿಕೆ. ಸಂಧಿವಾತದವರಿಗೆ ಉಸಿರು ದಿಢೀರನೆ ಕೆಟ್ಟಿತೆಂದರೆ ಎಲ್ಲವೂ ಎಕ್ಸಾಸರ್ಬೇಶನ್ ಅಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿರಬಹುದು. ಕಾಲು ಒಂದೇ ಕಡೆ ಊದಿದ್ದರೆ, ನಿಮಿಷಗಳಲ್ಲಿ ಏದುಸಿರು ಶುರುವಾಗಿದ್ದರೆ ಅದನ್ನು ಮೊದಲು ನೋಡಬೇಕು. ಲೂಪಸ್, ವ್ಯಾಸ್ಕುಲೈಟಿಸ್ (ರಕ್ತನಾಳಗಳ ಉರಿಯೂತ) ಥರದ ಕಾಯಿಲೆ ಇರುವವರಲ್ಲಿ ಶ್ವಾಸಕೋಶದೊಳಗೇ ರಕ್ತ ಸೋರಬಹುದು. ಕಫದಲ್ಲಿ ರಕ್ತ ಕಾಣದಿದ್ದರೂ ಹಿಮೋಗ್ಲೋಬಿನ್ ಬೀಳುತ್ತಿರುತ್ತದೆ. ಶ್ವಾಸಕೋಶ ತೂತಾಗಿ ಗಾಳಿ ಹೊರಬಂದಿರಬಹುದು. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ.

ನೀಲಿ ಕೊಡೆ:
ಹೊಂಗೆ ನೆರಳು ಅವರೇ, ಅಮ್ಮ ಹೇಗಿದ್ದಾರೆ?

ಹೊಂಗೆ ನೆರಳು:
ಹಾಗೇ ಇದ್ದಾರೆ. ಜಾಸ್ತಿಯೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ಇಂದು ಡಾಕ್ಟರ್ ನಮ್ಮನ್ನು ಕೂರಿಸಿಕೊಂಡು, ವೆಂಟಿಲೇಟರ್ ಬೇಕಾಗಿ ಬಂದರೆ ಏನು ಮಾಡೋಣ ಎಂದು ಕೇಳಿದರು. ನನಗೆ ಉತ್ತರ ಕೊಡಲು ಆಗಲಿಲ್ಲ. ಅಣ್ಣ ‘ಎಲ್ಲವನ್ನೂ ಮಾಡಿ’ ಅಂದ. ನನಗೆ ಅದು ಸರಿಯಾ ಎಂದು ಗೊತ್ತಾಗುತ್ತಿಲ್ಲ.

ಬೇಲಿ ಹೂ:
ಇಷ್ಟು ದಿನ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ನಮ್ಮ ತಂದೆಯನ್ನು ಇದೇ ಕಾಯಿಲೆಯಲ್ಲಿ ಕಳೆದುಕೊಂಡೆವು. ನಿಮಗೆ ಭಯ ಹುಟ್ಟಿಸಲು ಹೇಳುತ್ತಿಲ್ಲ. ನಮ್ಮಲ್ಲಿ ಈ ಮಾತು ತಡವಾಗಿ ಬಂತು. ಆಗ ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಟ್ಯೂಬ್ ಹಾಕಿಯಾಗಿತ್ತು. ಅವರಿಗೆ ಏನು ಬೇಕಿತ್ತು ಎಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ. ಅಮ್ಮ ಎಚ್ಚರವಾಗಿದ್ದಾರಲ್ಲ, ಅವರನ್ನೇ ಕೇಳಿ. ಡಾಕ್ಟರ್ ಪಕ್ಕದಲ್ಲಿರುವಾಗ ಕೇಳಿ. ಅವರು ಹೇಳಿದ್ದನ್ನು ಅಣ್ಣನೂ ಕೇಳಿಸಿಕೊಳ್ಳಲಿ. ಆಗ ತೀರ್ಮಾನದ ಭಾರ ನಿಮ್ಮೊಬ್ಬರ ಮೇಲೆ ಬೀಳುವುದಿಲ್ಲ.

ವಾರ್ಡ್ ಬೆಳಕು:
ಬೇಲಿ ಹೂ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ನೇರವಾಗಿ ಹೇಳುತ್ತೇನೆ, ಮುಚ್ಚಿಟ್ಟರೆ ನಿಮಗೆ ಅನ್ಯಾಯ. ಐಪಿಎಫ್‌ನಲ್ಲಿ ಎಕ್ಸಾಸರ್ಬೇಶನ್ ಆದವರಲ್ಲಿ ಅರ್ಧದಷ್ಟು ಜನ ಮೂರು ನಾಲ್ಕು ತಿಂಗಳಾಚೆ ಉಳಿಯುವುದಿಲ್ಲ. ಸಂಧಿವಾತದವರಲ್ಲಿ ಮಾದರಿಯ ಮೇಲೆ, ಕಿಡಿ ಹಚ್ಚಿದ ಕಾರಣದ ಮೇಲೆ ಬಹಳ ವ್ಯತ್ಯಾಸವಾಗುತ್ತದೆ. ಎಷ್ಟೋ ಜನ ಮನೆಗೆ ಹೋಗುತ್ತಾರೆ. ಆದರೆ ಫೈಬ್ರೋಸಿಸ್ ಜಾಸ್ತಿ ಇದ್ದು ವೆಂಟಿಲೇಟರ್ ಮೇಲೆ ಹೋದವರಲ್ಲಿ ವಾಪಸು ಬರುವವರು ಕಡಿಮೆ. ಗಟ್ಟಿಯಾದ ಶ್ವಾಸಕೋಶಕ್ಕೆ ಯಂತ್ರದ ಒತ್ತಡವೇ ಇನ್ನಷ್ಟು ಗಾಯ ಮಾಡಬಹುದು. ಬೇಗ ಸರಿಹೋಗುವ ಕಾರಣವಿದ್ದರೆ, ಉದಾಹರಣೆಗೆ ಸೋಂಕು ಅಥವಾ ಔಷಧ, ಅಥವಾ ಶ್ವಾಸಕೋಶ ಕಸಿಗೆ ಅರ್ಹರಾಗಿದ್ದರೆ ಲೆಕ್ಕ ಬದಲಾಗುತ್ತದೆ. ‘ಅಮ್ಮನ ವಿಷಯದಲ್ಲಿ ವೆಂಟಿಲೇಟರ್ ಯಾವುದಕ್ಕಾಗಿ ಕಾಯುವ ಸಮಯ ಕೊಡುತ್ತದೆ?’ ಎಂದು ಕೇಳಿ. ಉತ್ತರ ಸ್ಪಷ್ಟವಾಗಿದ್ದರೆ ಅದರಲ್ಲಿ ಅರ್ಥವಿದೆ.

ಇನ್ನೊಂದು ಮಾತು. ವೆಂಟಿಲೇಟರ್ ಬೇಡ ಅಂದರೆ ಚಿಕಿತ್ಸೆ ಬೇಡ ಅಂತ ಅಲ್ಲ. ಆಕ್ಸಿಜನ್, ಸ್ಟೀರಾಯ್ಡ್, ಆಂಟಿಬಯೋಟಿಕ್ ಎಲ್ಲ ಮುಂದುವರಿಯುತ್ತವೆ. ಉಸಿರು ಕಟ್ಟುವ ಸಂಕಟಕ್ಕೆ ಸಣ್ಣ ಡೋಸ್ ಮಾರ್ಫಿನ್ ಕೊಡಬಹುದು. ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ತಂಡವನ್ನು ಈಗಲೇ ಕರೆಸಿ ಎಂದು ಕೇಳಬಹುದು. ಅವರು ಬರುವುದು ಕೈಬಿಟ್ಟ ಮೇಲೆ ಎಂಬ ತಿಳಿವಳಿಕೆ ತಪ್ಪು.

ಹೊಂಗೆ ನೆರಳು:
ಕೇಳಿದೆವು. ಅಮ್ಮನೇ ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದರು. ಟ್ಯೂಬ್ ಬೇಡ, ಉಳಿದದ್ದೆಲ್ಲ ಮಾಡಲಿ ಅಂದರು. ಅಣ್ಣ ಅತ್ತ. ಆದರೆ ಈಗ ನಾವು ಮೂವರೂ ಒಂದೇ ಕಡೆ ಇದ್ದೇವೆ. ಬೇಲಿ ಹೂ ಅವರೇ, ನೀವು ಬರೆಯದಿದ್ದರೆ ನಮಗೆ ಧೈರ್ಯ ಬರುತ್ತಿರಲಿಲ್ಲ.

ಹೊಂಗೆ ನೆರಳು:
ಒಂದು ಒಳ್ಳೆಯ ಸುದ್ದಿ. ಕಫದಲ್ಲಿ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿತು. ನ್ಯುಮೋಸಿಸ್ಟಿಸ್ ಇಲ್ಲ. ಆಕ್ಸಿಜನ್ ಅಗತ್ಯ ಇಳಿಯುತ್ತಾ ಬಂದಿದೆ. ಹೈ ಫ್ಲೋ ತೆಗೆದು ಸಾಮಾನ್ಯ ನಳಿಕೆ ಹಾಕಿದ್ದಾರೆ. ನಿನ್ನೆ ಕುರ್ಚಿಯಲ್ಲಿ ಕೂತರು. ಮನೆಗೆ ಕಳಿಸುವಾಗ ಆಕ್ಸಿಜನ್ ಯಂತ್ರ ಬೇಕಾಗಬಹುದು ಅಂದಿದ್ದಾರೆ.

ಮುಂದೆ ಇದು ಮತ್ತೆ ಆಗದಿರಲು ಏನು ಮಾಡಬೇಕು?

ಉದ್ದ ನಡಿಗೆ:
ಬಹಳ ಸಂತೋಷ! ಕಾಲಿನ ಸ್ನಾಯುಗಳು ಸೋತಿರುತ್ತವೆ, ಸ್ಟೀರಾಯ್ಡ್ ಅದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಆಕ್ಸಿಜನ್ ಹಾಕಿಕೊಂಡೇ ಎದ್ದು ಕೂರುವುದು, ಎರಡು ಹೆಜ್ಜೆ ಹಾಕುವುದು ಈಗಿನಿಂದಲೇ ಶುರುವಾಗಲಿ. ಪಲ್ಮನರಿ ರಿಹ್ಯಾಬ್‌ಗೆ (ಶ್ವಾಸಕೋಶದ ರೋಗಿಗಳಿಗಾಗಿ ಇರುವ ವ್ಯಾಯಾಮ ತರಬೇತಿ) ಬರೆದುಕೊಡಿ ಎಂದು ಡಿಸ್ಚಾರ್ಜ್‌ಗೂ ಮೊದಲೇ ಕೇಳಿ.

ವಾರ್ಡ್ ಬೆಳಕು:
ಮತ್ತೆ ಆಗುವುದೇ ಇಲ್ಲ ಎಂದು ಯಾರೂ ಭರವಸೆ ಕೊಡಲಾರರು. ಆದರೆ ಕೈಯಲ್ಲಿರುವುದು ಕಡಿಮೆಯೇನಲ್ಲ.

ಲಸಿಕೆ ಮೊದಲು. ಫ್ಲೂ ಲಸಿಕೆ ಪ್ರತಿ ವರ್ಷ, ನ್ಯುಮೊಕಾಕಸ್ ಲಸಿಕೆ, ಕೋವಿಡ್ ಲಸಿಕೆ. ಮನೆಯಲ್ಲಿ ಇರುವವರೂ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಜೀವಂತ ವೈರಸ್ ಇರುವ ಲಸಿಕೆಗಳು ಅಮ್ಮನಿಗೆ ಬೇಡ. ಪ್ರೆಡ್ನಿಸೊಲೋನ್ 20 ಮಿಲಿಗ್ರಾಂ ಅಥವಾ ಹೆಚ್ಚು ಒಂದು ತಿಂಗಳು ಮುಂದುವರಿಯುವುದಾದರೆ ನ್ಯುಮೋಸಿಸ್ಟಿಸ್ ತಡೆಯಲು ಸಣ್ಣ ಡೋಸ್ ಕೋಟ್ರೈಮಾಕ್ಸಜೋಲ್ ಬೇಕೇ ಎಂದು ಕೇಳಿ. ಆದರೆ ಮೆಥೊಟ್ರೆಕ್ಸೇಟ್ ಜೊತೆ ಅದನ್ನು ಕೊಡುವಾಗ ರಕ್ತಕಣ ಬೀಳಬಹುದು. ಎರಡನ್ನೂ ಬರೆಯುವ ಡಾಕ್ಟರುಗಳು ಬೇರೆ ಬೇರೆಯಾಗಿದ್ದರೆ ಇಬ್ಬರಿಗೂ ತಿಳಿಸಿ. ಟೋಸಿಲಿಜುಮಾಬ್ ಮತ್ತೆ ಯಾವಾಗ ಎಂಬುದನ್ನು ರುಮಟಾಲಜಿಸ್ಟ್ ಹೇಳಲಿ.

ಮನೆಯಲ್ಲಿ ಯಾರೂ ಸಿಗರೇಟು ಸೇದುವಂತಿಲ್ಲ. ಹೊಗೆ, ಧೂಳು ಅಮ್ಮನ ಹತ್ತಿರ ಬರದಿರಲಿ. ನಿಂಟೆಡಾನಿಬ್ ಎಂಬ ಔಷಧದ ಬಗ್ಗೆ ಕೇಳಿ. 2019ರಲ್ಲಿ ಬಂದ ಇನ್‌ಬಿಲ್ಡ್ ಪ್ರಯೋಗದಲ್ಲಿ ಸಂಧಿವಾತದವರೂ ಇದ್ದರು. ಫೈಬ್ರೋಸಿಸ್ ಮುಂದುವರಿಯುವ ವೇಗವನ್ನು ಅದು ತಗ್ಗಿಸಿತು. ಆದ ಗಾಯವನ್ನು ಅಳಿಸುವುದಿಲ್ಲ, ಭೇದಿ ಮಾಡಿಸುತ್ತದೆ. ಆದರೂ ಯುಐಪಿ ಇದ್ದು ಕೆಡುತ್ತಿರುವವರಿಗೆ ಚರ್ಚಿಸಲೇಬೇಕಾದ ಔಷಧ.

ಹೊಂಗೆ ನೆರಳು:
ಇನ್ನೊಂದೇ ಪ್ರಶ್ನೆ. ಅಮ್ಮನ ಮಂಡಿ ಬದಲಿಸುವ ಆಪರೇಶನ್‌ಗೆ ತಾರೀಖು ಕೊಟ್ಟಿದ್ದರು. ಅದನ್ನು ಮಾಡಿಸಬಹುದಾ?

ವಾರ್ಡ್ ಬೆಳಕು:
ಈಗ ಮುಂದೂಡಿ. ಆಪರೇಶನ್ ಆದ ಮೇಲೆ ಎಕ್ಸಾಸರ್ಬೇಶನ್ ಬರುವುದು ನಮಗೆ ಚೆನ್ನಾಗಿ ಗೊತ್ತಿರುವ ಅಪಾಯ. ಆಕ್ಸಿಜನ್ ಅಗತ್ಯ ಸ್ಥಿರವಾಗಿ, ಸ್ಟೀರಾಯ್ಡ್ ಡೋಸ್ ಕೆಳಗಿಳಿದು, ಹೊಸ ಪಿಎಫ್‌ಟಿ (ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತದೆಂದು ನೋಡುವ ಪರೀಕ್ಷೆ) ಮಾಡಿಸಿದ ಮೇಲೆ ಯೋಚಿಸಬಹುದು. ಆಗಲೂ ಮೂಳೆ ಡಾಕ್ಟರ್, ಅರಿವಳಿಕೆ ಡಾಕ್ಟರ್, ಶ್ವಾಸಕೋಶ ಡಾಕ್ಟರ್ ಮೂವರೂ ಮೊದಲೇ ಮಾತಾಡಿಕೊಂಡಿರಬೇಕು. ಪೂರ್ತಿ ಪ್ರಜ್ಞೆ ತಪ್ಪಿಸದೆ ಬೆನ್ನಿನ ಅರಿವಳಿಕೆಯಲ್ಲಿ ಮಾಡಲು ಆಗುತ್ತದೆಯೇ ಎಂದು ಕೇಳಿ. ಸಂಧಿವಾತ ಕುತ್ತಿಗೆಯ ಮೂಳೆಗೂ ತಗಲಿರಬಹುದು, ಟ್ಯೂಬ್ ಹಾಕುವ ಪ್ರಸಂಗ ಬಂದರೆ ಅದೂ ಅವರಿಗೆ ಗೊತ್ತಿರಬೇಕು. ಈ ಸಲದ ಡಿಸ್ಚಾರ್ಜ್ ಕಾಗದ ಮತ್ತು ಎರಡೂ ಸಿಟಿಯ ಸಿಡಿಯನ್ನು ಅರಿವಳಿಕೆ ಡಾಕ್ಟರಿಗೆ ಆಪರೇಶನ್ ದಿನ ಅಲ್ಲ, ಕೆಲವು ವಾರ ಮೊದಲೇ ತೋರಿಸಿ.

ಹೊಂಗೆ ನೆರಳು:
ಮೂಳೆ ಡಾಕ್ಟರಿಗೆ ಫೋನ್ ಮಾಡಿ ತಾರೀಖು ರದ್ದು ಮಾಡಿಸಿದೆ. ಡಿಸ್ಚಾರ್ಜ್ ಆದ ಮೇಲೆ ಪಿಎಫ್‌ಟಿ ರಿಪೋರ್ಟ್ ಬಂದಾಗ ಇಲ್ಲೇ ಮತ್ತೆ ಬರೆಯುತ್ತೇನೆ.